ಹನ್ನೆರಡು ವರ್ಷದ ಮಗಳಿಗೆ ಗರ್ಭಕಂಠದ ಕ್ಯಾನ್ಸರ್ ಲಸಿಕೆ ಹಾಕಿಸಬೇಕಾ? ಗೊತ್ತಿರುವವರು ಹೇಳಿ

ವಿಭಾಗ: ತಾಯಿ-ಮಕ್ಕಳ ಆರೋಗ್ಯ | ಫೆಬ್ರವರಿ 2023

ದಾವಣಗೆರೆ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ದೇಶದಲ್ಲೇ ತಯಾರಾದ ಗರ್ಭಕಂಠದ ಕ್ಯಾನ್ಸರ್ ಲಸಿಕೆ ಸರ್ವಾವ್ಯಾಕ್ ಕಳೆದ ತಿಂಗಳು 24ಕ್ಕೆ ಬಿಡುಗಡೆ ಆಯಿತಲ್ಲ, ಅದರ ಬಗ್ಗೆ ಕೇಳಬೇಕಿತ್ತು. ನನ್ನ ಮಗಳಿಗೆ ಹನ್ನೆರಡು ತುಂಬಿದೆ, ಏಳನೇ ಕ್ಲಾಸು. ಮಗನಿಗೆ ಒಂಬತ್ತು. ನಾವು ತೋರಿಸುವ ಮಕ್ಕಳ ಡಾಕ್ಟರು "ಇದೇ ಸರಿಯಾದ ವಯಸ್ಸು, ಹಾಕಿಸಿಬಿಡಿ" ಎಂದರು. ಅತ್ತೆ "ಇನ್ನೂ ಚಿಕ್ಕ ಹುಡುಗಿ, ಮದುವೆ ಆದಮೇಲೆ ನೋಡಿಕೊಂಡರಾಯಿತು" ಎನ್ನುತ್ತಾರೆ. ಯಜಮಾನರು ವಾಟ್ಸಾಪ್‌ನಲ್ಲಿ ಬಂದ ಯಾವುದೋ ವಿಡಿಯೋ ನೋಡಿ, ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಆಗುತ್ತದಂತೆ ಎಂದು ಹೆದರಿ ಕೂತಿದ್ದಾರೆ.

ನನಗೆ ಬೇಕಿರುವುದು ಮೂರು ಉತ್ತರ. ಈ ವಯಸ್ಸಿಗೇ ಯಾಕೆ? ಅಪಾಯ ಏನಾದರೂ ಇದೆಯಾ? ಸರ್ಕಾರ ಉಚಿತವಾಗಿ ಕೊಡುವವರೆಗೆ ಕಾಯಬಹುದಾ? ಮನೆಯಲ್ಲಿ ಎಲ್ಲರಿಗೂ ಓದಿ ಹೇಳುತ್ತೇನೆ, ದಯವಿಟ್ಟು ಬಿಡಿಸಿ ಬರೆಯಿರಿ.

ಲಸಿಕೆ ಸಿಸ್ಟರ್

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ಪ್ರತಿ ಗುರುವಾರ ಚುಚ್ಚುಮದ್ದು ಹಾಕುವುದೇ ಕೆಲಸ. ಬಿಡಿಸಿಯೇ ಹೇಳುತ್ತೇನೆ ಅಕ್ಕ.

ಈ ಕ್ಯಾನ್ಸರ್ ಬಹುತೇಕ ಒಂದು ವೈರಸ್‌ನಿಂದ ಬರುತ್ತದೆ. ಅದರ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಎಚ್‌ಪಿವಿ. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಬಗೆ ಇವೆ. ಹೆಚ್ಚಿನವು ಏನೂ ಮಾಡುವುದಿಲ್ಲ. 16 ಮತ್ತು 18 ಎಂಬ ಎರಡು ಬಗೆಗಳೇ ನೂರರಲ್ಲಿ ಸುಮಾರು ಎಪ್ಪತ್ತು ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣ. ಸರ್ವಾವ್ಯಾಕ್ ಈ ಎರಡನ್ನೂ, ಜೊತೆಗೆ ಗುಪ್ತಾಂಗದಲ್ಲಿ ನರೂಲಿ ತರುವ 6 ಮತ್ತು 11 ಅನ್ನೂ ತಡೆಯುತ್ತದೆ.

ವೈರಸ್ ಹತ್ತಿದ ತಕ್ಷಣ ಕ್ಯಾನ್ಸರ್ ಆಗುವುದಿಲ್ಲ. ಹತ್ತಿದವರಲ್ಲಿ ಹೆಚ್ಚಿನವರಿಗೆ ಒಂದೆರಡು ವರ್ಷದೊಳಗೆ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಒಳಗೇ ಉಳಿದು, ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಜೀವಕೋಶಗಳನ್ನು ನಿಧಾನಕ್ಕೆ ಕೆಡಿಸುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಬೇಕು.

ಈ ವಯಸ್ಸಿಗೇ ಯಾಕೆ ಅಂದರೆ, ಲಸಿಕೆ ವೈರಸ್ ಬರುವ ಮೊದಲು ತಡೆಯುತ್ತದೆ, ಬಂದ ಮೇಲೆ ಓಡಿಸುವುದಿಲ್ಲ. ವೈರಸ್ ಹರಡುವುದು ಲೈಂಗಿಕ ಸಂಪರ್ಕದಿಂದ. ಮದುವೆಯಾದ ಮೇಲೆ ನೋಡೋಣ ಅಂದರೆ ಹಾಕಿಸಬೇಕಾದ ಹೊತ್ತು ಮೀರಿರುತ್ತದೆ. ಇನ್ನೊಂದು ಕಾರಣವೂ ಇದೆ. ಒಂಬತ್ತರಿಂದ ಹದಿನಾಲ್ಕರ ಮಕ್ಕಳ ಮೈ ಲಸಿಕೆಗೆ ತುಂಬಾ ಚೆನ್ನಾಗಿ ಸ್ಪಂದಿಸುತ್ತದೆ. ಅದಕ್ಕೇ ಆ ವಯಸ್ಸಿನವರಿಗೆ ಆರು ತಿಂಗಳ ಅಂತರದಲ್ಲಿ ಎರಡೇ ಡೋಸ್ ಸಾಕು. ಹದಿನೈದು ದಾಟಿದರೆ 26ರವರೆಗೆ ಮೂರು ಡೋಸ್ ಬೇಕು: ಮೊದಲನೆಯದು, ಎರಡು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮತ್ತೊಂದು.

ಯಜಮಾನರ ಭಯಕ್ಕೆ ಬರುತ್ತೇನೆ. ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಸತ್ತ ವೈರಸ್ಸೂ ಇಲ್ಲ. ವೈರಸ್‌ನ ಹೊರಕವಚದ ಪ್ರೋಟೀನನ್ನು ಯೀಸ್ಟ್‌ನಲ್ಲಿ ಬೆಳೆಸಿ ತೆಗೆದಿರುತ್ತಾರೆ. ಶೇಂಗಾ ಕಾಳು ತೆಗೆದು ಬರೀ ಸಿಪ್ಪೆ ಕೊಟ್ಟ ಹಾಗೆ, ಬಿತ್ತಿದರೂ ಹುಟ್ಟುವುದಿಲ್ಲ. ಮೈಗೆ ಮಾತ್ರ ಆ ಸಿಪ್ಪೆಯ ಗುರುತು ಸಿಗುತ್ತದೆ. ಅಸಲಿ ವೈರಸ್ ಬಂದ ದಿನ ಹಿಡಿದುಬಿಡುತ್ತದೆ. ಅಂಡಾಶಯಕ್ಕಾಗಲಿ ಗರ್ಭಕೋಶಕ್ಕಾಗಲಿ ಇದರಿಂದ ತೊಂದರೆ ಇಲ್ಲ. ಜಗತ್ತಿನಲ್ಲಿ 2006ರಿಂದ ಕೋಟಿಗಟ್ಟಲೆ ಹುಡುಗಿಯರಿಗೆ ಈ ಬಗೆಯ ಲಸಿಕೆ ಹಾಕಿದ್ದಾರೆ. ಬಂಜೆತನ ಬಂದದ್ದಕ್ಕೆ ಎಲ್ಲೂ ಆಧಾರ ಸಿಕ್ಕಿಲ್ಲ. ತೋಳು ನೋಯುತ್ತದೆ, ಸ್ವಲ್ಪ ಊದಬಹುದು, ಕೆಲವರಿಗೆ ಒಂದು ದಿನ ಜ್ವರ, ತಲೆನೋವು. ಈ ವಯಸ್ಸಿನ ಮಕ್ಕಳು ಸೂಜಿಗೆ ಹೆದರಿ ತಲೆಸುತ್ತಿ ಬೀಳುವುದು ಉಂಟು. ಅದಕ್ಕೆ ಕೂರಿಸಿಯೇ ಹಾಕಬೇಕು, ಹಾಕಿದ ಮೇಲೆ ಹದಿನೈದು ನಿಮಿಷ ಬೆಂಚಿನಿಂದ ಏಳಲು ಬಿಡಬಾರದು. ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಿ. ಮುಟ್ಟಿನ ದಿನವಾದರೂ ಪರವಾಗಿಲ್ಲ.

ಮೆಡಿಕಲ್ ಸ್ಟೋರ್ ಅಣ್ಣ

ಬೆಲೆ ಬಗ್ಗೆ ಎರಡು ಮಾತು. ಸರ್ವಾವ್ಯಾಕ್ ಒಂದು ಡೋಸ್‌ಗೆ 2,000 ರೂಪಾಯಿ ಅಂತ ಇಟ್ಟಿದ್ದಾರೆ. ಇಷ್ಟು ದಿನ ಇದ್ದ ವಿದೇಶಿ ಗಾರ್ಡಸಿಲ್ ಅದರ ಹತ್ತಿರ ಹತ್ತಿರ ಎರಡು ಪಟ್ಟು. ಒಂಬತ್ತು ಬಗೆ ತಡೆಯುವ ಗಾರ್ಡಸಿಲ್ 9 ಹತ್ತು ಸಾವಿರ ದಾಟುತ್ತದೆ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲೂಬಾರದು. ಹಾಗಾಗಿ ಅಂಗಡಿಯಲ್ಲಿ ಕೊಂಡು ಕವರಿನಲ್ಲಿ ಹಾಕಿಕೊಂಡು ಊರೆಲ್ಲ ಸುತ್ತಬೇಡಿ. ಕ್ಲಿನಿಕ್‌ನವರೇ ತರಿಸಿ ಇಟ್ಟಿದ್ದರೆ ಅಲ್ಲೇ ಹಾಕಿಸುವುದು ಒಳ್ಳೆಯದು.

ಬಳ್ಳಾರಿ ಅಪ್ಪ

ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಕೇಳುತ್ತೇನೆ. ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಎಂದಿರಿ. ನಮ್ಮ ಮನೆಯ ಹೆಣ್ಣುಮಕ್ಕಳು ಅಂಥವರಲ್ಲ. ಹನ್ನೆರಡು ವರ್ಷದ ಮಗಳಿಗೆ "ಇದು ಯಾಕೆ ಹಾಕಿಸುತ್ತಿದ್ದೀವಿ" ಅಂತ ಅಪ್ಪ ಆದವನು ಏನು ಹೇಳಬೇಕು? ಒಳ್ಳೆಯ ನಡತೆ ಕಲಿಸಿದರೆ ಸಾಲದಾ?

ಜೀವಶಾಸ್ತ್ರದ ಮೇಡಂ

ಸರ್, ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಈ ಪ್ರಶ್ನೆ ನನಗೆ ಹೊಸದಲ್ಲ. ನಿಮ್ಮ ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಹೆಪಟೈಟಿಸ್ ಬಿ ಲಸಿಕೆ ಹಾಕಿರುತ್ತಾರೆ, ತಾಯಿ ಕಾರ್ಡ್ ತೆಗೆದು ನೋಡಿ. ಆ ವೈರಸ್ ಕೂಡ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಹುಟ್ಟಿದ 24 ಗಂಟೆಯೊಳಗೆ ಹಾಕುತ್ತಾರೆ, ಕೂಸಿನ ನಡತೆಯನ್ನು ಯಾರೂ ಕೇಳುವುದಿಲ್ಲ ಅಲ್ವಾ?

ನಡತೆಗೂ ಇದಕ್ಕೂ ತಳಕು ಹಾಕಿದರೆ ಅನ್ಯಾಯ ಆಗುವುದು ರೋಗ ಬಂದ ಹೆಂಗಸರಿಗೆ. ನಮ್ಮ ಹಳ್ಳಿಗಳಲ್ಲಿ ಈ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರು ಗಂಡನೊಬ್ಬನನ್ನು ಬಿಟ್ಟು ಬೇರೆ ಯಾರನ್ನೂ ಕಂಡವರಲ್ಲ. ವೈರಸ್ ಗಂಡಿನಿಂದಲೂ ಬರುತ್ತದೆ, ಅವನಿಗೆ ಏನೂ ಗೊತ್ತಾಗುವುದಿಲ್ಲ. ಬಸುರಿ ಬಾಣಂತನ ಮುಗಿಸಿ, ಮಕ್ಕಳ ಮದುವೆ ಮಾಡುವ ವಯಸ್ಸಿಗೆ ಇವಳಿಗೆ ಕಾಯಿಲೆ ಕಾಣಿಸುತ್ತದೆ. 2020ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1,23,900 ಹೆಂಗಸರಿಗೆ ಇದು ಹೊಸದಾಗಿ ಬಂತು, 77,300 ಜನ ತೀರಿಹೋದರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜು. ಅವರೆಲ್ಲರ ನಡತೆಯನ್ನು ಪ್ರಶ್ನೆ ಮಾಡಲು ನಾವು ಯಾರು?

ಮಗಳಿಗೆ "ದೊಡ್ಡವಳಾದ ಮೇಲೆ ಒಂದು ಬಗೆಯ ಕ್ಯಾನ್ಸರ್ ಬಾರದ ಹಾಗೆ ಈ ಲಸಿಕೆ" ಅನ್ನಿ. ಅದು ಪೂರ್ತಿ ನಿಜ. ಅವಳ ವಯಸ್ಸಿಗೆ ಅಷ್ಟು ಸಾಕು.

ಬಳ್ಳಾರಿ ಅಪ್ಪ

ಹೆಪಟೈಟಿಸ್ ಬಿ ವಿಷಯ ಗೊತ್ತಿರಲಿಲ್ಲ ಮೇಡಂ. ಯೋಚನೆ ಮಾಡುತ್ತೇನೆ.

ಗಡಿನಾಡಿಗ

ನಾನು ಲಸಿಕೆ ವಿರೋಧಿ ಅಲ್ಲ. ಆದರೆ ಇಲ್ಲಿ ಯಾರೂ ಖಮ್ಮಂ ವಿಷಯ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರಾದಲ್ಲಿ ಪಾತ್ ಎಂಬ ಅಮೆರಿಕದ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಜ್ಯ ಸರ್ಕಾರಗಳು ಸೇರಿ ಇದೇ ರೋಗದ ಲಸಿಕೆಯನ್ನು ಸಾವಿರಾರು ಹುಡುಗಿಯರಿಗೆ ಹಾಕಿದರು. ಖಮ್ಮಂನಲ್ಲಿ ಅವರಲ್ಲಿ ಬಹಳಷ್ಟು ಜನ ಆದಿವಾಸಿ ಮಕ್ಕಳು, ಆಶ್ರಮ ಶಾಲೆಯ ಹಾಸ್ಟೆಲ್‌ಗಳಲ್ಲಿ ಇದ್ದವರು. ಎರಡೂ ಕಡೆ ಸೇರಿ ಏಳು ಹುಡುಗಿಯರು ತೀರಿಹೋದರು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಎಲ್ಲ ನಿಲ್ಲಿಸಿತು.

ಆಮೇಲೆ 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ವರದಿ ಕೊಟ್ಟಿತು. ಆಂಧ್ರದಲ್ಲಿ ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಮಾಡಿದ್ದು ಹಾಸ್ಟೆಲ್ ವಾರ್ಡನ್‌ಗಳು. 1,948ರಲ್ಲಿ ಬರೀ ಹೆಬ್ಬೆಟ್ಟು. ಊರಲ್ಲಿ ಕೂಲಿ ಮಾಡುತ್ತಿದ್ದ ಅಪ್ಪ ಅಮ್ಮನಿಗೆ ಮಗಳ ತೋಳಿಗೆ ಏನು ಹಾಕಿದರು ಅನ್ನುವುದೇ ಗೊತ್ತಿರಲಿಲ್ಲ. ದೊಡ್ಡ ಸ್ಕೂಲಿನ ಮಕ್ಕಳಾಗಿದ್ದರೆ ಹೀಗೆ ವಾರ್ಡನ್ ಸಹಿ ಹಾಕುತ್ತಿದ್ದರಾ? ಈಗ ಮತ್ತೆ ಶಾಲೆಗಳ ಮೂಲಕವೇ ಕೊಡುತ್ತೇವೆ ಎನ್ನುತ್ತಿದ್ದಾರೆ. ಕಳೆದ ಡಿಸೆಂಬರ್‌ನಲ್ಲಿ ಕೇಂದ್ರದ ಆರೋಗ್ಯ ಮತ್ತು ಶಿಕ್ಷಣ ಕಾರ್ಯದರ್ಶಿಗಳು ರಾಜ್ಯಗಳಿಗೆ ಪತ್ರ ಬರೆದಿದ್ದಾರೆ. ಆ ತಪ್ಪು ಇನ್ನೊಮ್ಮೆ ಆಗುವುದಿಲ್ಲ ಅಂತ ಯಾರು ಹೇಳುತ್ತಾರೆ?

ಜೀವಶಾಸ್ತ್ರದ ಮೇಡಂ

ನೀವು ಎತ್ತಿದ್ದು ಒಳ್ಳೆಯದಾಯಿತು. ಇದನ್ನು ಮುಚ್ಚಿಟ್ಟು ಲಸಿಕೆ ಒಳ್ಳೆಯದು ಅಂದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು.

ಆದರೆ ಇಲ್ಲಿ ಎರಡು ವಿಷಯ ಬೇರೆ ಬೇರೆ. ಒಂದು, ಲಸಿಕೆಯಿಂದ ಮಕ್ಕಳು ಸತ್ತರಾ? ತನಿಖೆ ಮಾಡಿದವರು ಒಂದೊಂದು ಸಾವನ್ನೂ ನೋಡಿದ್ದಾರೆ. ಒಬ್ಬಳು ಕಲ್ಲು ಕ್ವಾರಿಯ ನೀರಿನಲ್ಲಿ ಮುಳುಗಿದ್ದಳು. ಒಬ್ಬಳಿಗೆ ಹಾವು ಕಚ್ಚಿತ್ತು. ಇಬ್ಬರು ಕೀಟನಾಶಕ ಕುಡಿದಿದ್ದರು. ಒಬ್ಬಳಿಗೆ ಮಲೇರಿಯಾ. ಉಳಿದ ಇಬ್ಬರ ಸಾವಿನ ಕಾರಣ ಅಷ್ಟು ಖಚಿತವಾಗಲಿಲ್ಲ. ಒಬ್ಬಳಿಗೆ ಜೋರು ಜ್ವರ ಇತ್ತು, ಇನ್ನೊಬ್ಬಳಿಗೆ ಮಿದುಳಿನಲ್ಲಿ ರಕ್ತಸ್ರಾವದ ಶಂಕೆ. ಲಸಿಕೆಯೇ ಕಾರಣ ಎನ್ನಲು ಏನೂ ಸಿಗಲಿಲ್ಲ.

ಎರಡನೆಯದು ಒಪ್ಪಿಗೆ. ಅಲ್ಲಿ ಆದದ್ದು ತಪ್ಪೇ. ಬಡವರ ಮಕ್ಕಳು, ಕೇಳುವವರಿಲ್ಲ ಅನ್ನುವ ಧೈರ್ಯವೇ ಅದಕ್ಕೆ ಕಾರಣ ಎಂದು ನನಗೂ ಅನ್ನಿಸುತ್ತದೆ. ಶಾಲೆಯಲ್ಲಿ ಕೊಡುವಾಗ ತಂದೆ ತಾಯಿಯನ್ನು ಕರೆಸಿ, ಕನ್ನಡದಲ್ಲಿ, ಲಂಬಾಣಿ ತಾಂಡಾ ಆದರೆ ಅವರ ಮಾತಿನಲ್ಲೇ ಹೇಳಿ, ಬೇಡ ಅನ್ನುವ ಹಕ್ಕೂ ಕೊಟ್ಟು ಸಹಿ ತೆಗೆದುಕೊಳ್ಳಬೇಕು. ಇದನ್ನು ನಾವೆಲ್ಲ ಜೋರಾಗಿಯೇ ಕೇಳಬೇಕು. ಹಾಗೆ ಮಾಡಿದ ರಾಜ್ಯ ಇದೆ. ಸಿಕ್ಕಿಂ 2018ರಲ್ಲಿ ಶಿಕ್ಷಕರು, ಪೋಷಕರು, ಪತ್ರಿಕೆಯವರಿಗೆಲ್ಲ ಮೊದಲೇ ತಿಳಿಸಿ, ಆಮೇಲೆ ಶಾಲೆಗಳಲ್ಲಿ ಹಾಕಿತು. ಒಂಬತ್ತರಿಂದ ಹದಿನಾಲ್ಕರ ಹುಡುಗಿಯರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಹಾಕಿಸಿಕೊಂಡರು.

ಇನ್ನೊಂದು ಸಂಗತಿ ತಿಳಿದುಕೊಳ್ಳಿ. 2010ರಲ್ಲಿ ಸರ್ಕಾರ ನಿಲ್ಲಿಸಿದಾಗ ಖಮ್ಮಂ ಯೋಜನೆ ಮಾತ್ರ ನಿಲ್ಲಲಿಲ್ಲ. ದೇಶದ ಒಂಬತ್ತು ಕಡೆ ನಡೆಯುತ್ತಿದ್ದ ಇನ್ನೊಂದು ಅಧ್ಯಯನವೂ ನಿಂತಿತು. ಎರಡು ಡೋಸ್ ಸಾಕಾ, ಮೂರು ಬೇಕಾ ಅಂತ ನೋಡಲು ಹೊರಟಿದ್ದ ಅಧ್ಯಯನ ಅದು. ನಡುವೆ ನಿಂತದ್ದರಿಂದ ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತು. ಸಂಶೋಧಕರು ಅವರನ್ನು ಬಿಡದೆ ಹತ್ತು ವರ್ಷ ಹಿಂಬಾಲಿಸಿದರು. ಒಂದೇ ಡೋಸ್ ಪಡೆದವರಲ್ಲೂ 16, 18ನೇ ಬಗೆಯ, ಒಳಗೇ ಉಳಿದುಬಿಡುವ ಸೋಂಕಿನಿಂದ ನೂರಕ್ಕೆ 95ರಷ್ಟು ರಕ್ಷಣೆ ಕಂಡಿತು. 2021ರಲ್ಲಿ ಇದು ಪ್ರಕಟವಾಯಿತು. ಕಳೆದ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20ರವರಿಗೆ ಒಂದು ಡೋಸ್ ಕೊಟ್ಟರೂ ಆದೀತು ಎಂದಿದ್ದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ನಮ್ಮ ಈ ಹುಡುಗಿಯರದ್ದೂ ಒಂದು. ಬಡ ದೇಶಗಳಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಯೋಚಿಸಿ. ಆ ಮಕ್ಕಳಿಗೆ ಯಾರಾದರೂ ಹೋಗಿ ಥ್ಯಾಂಕ್ಸ್ ಹೇಳಬೇಕು.

ಹೆದರಿ ಲಸಿಕೆ ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಜಪಾನ್ ನೋಡಿ. ಅಡ್ಡಪರಿಣಾಮದ ಸುದ್ದಿ ಹಬ್ಬಿ 2013ರಲ್ಲಿ ಅಲ್ಲಿನ ಸರ್ಕಾರ ಶಿಫಾರಸು ಹಿಂತೆಗೆದುಕೊಂಡಿತು. ನೂರಕ್ಕೆ ಎಪ್ಪತ್ತು ಹುಡುಗಿಯರು ಹಾಕಿಸಿಕೊಳ್ಳುತ್ತಿದ್ದದ್ದು ಒಂದಕ್ಕಿಂತ ಕೆಳಗೆ ಬಿತ್ತು. ಲಸಿಕೆಯದ್ದು ತಪ್ಪಿಲ್ಲ ಅಂತ ಮತ್ತೆ ಶುರು ಮಾಡಿದ್ದು 2022ರಲ್ಲಿ. ಅತ್ತ ಇಂಗ್ಲೆಂಡಿನಲ್ಲಿ 12-13ನೇ ವಯಸ್ಸಿಗೇ ಲಸಿಕೆ ಸಿಕ್ಕ ಹುಡುಗಿಯರಲ್ಲಿ ಈ ಕ್ಯಾನ್ಸರ್ ನೂರಕ್ಕೆ 87ರಷ್ಟು ಕಡಿಮೆಯಾಗಿದೆ.

ಗಡಿನಾಡಿಗ

ಒಂಬತ್ತು ಕಡೆಯ ಅಧ್ಯಯನದ ವಿಷಯ ನಾನು ಕೇಳಿರಲಿಲ್ಲ. ಒಪ್ಪಿಗೆಯ ವಿಷಯದಲ್ಲಿ ನಾನು ಹೇಳಿದ್ದರಿಂದ ಒಂದಿಂಚೂ ಹಿಂದೆ ಸರಿಯುವುದಿಲ್ಲ. ನಮ್ಮ ಊರಿನ ಶಾಲೆಗೆ ಬಂದರೆ ಎಸ್‌ಡಿಎಂಸಿ ಸಭೆಯಲ್ಲೇ ಕೂತು ಕೇಳುತ್ತೇನೆ.

ಲಸಿಕೆ ಸಿಸ್ಟರ್

ಕೇಳಿ ಅಣ್ಣ. ಕೇಳುವವರು ಇದ್ದರೆ ನಮಗೂ ಕೆಲಸ ಸುಲಭ.

ಮೆಲ್ಬರ್ನ್ ಕನ್ನಡಿಗ

ಇಲ್ಲಿ ಆಸ್ಟ್ರೇಲಿಯಾದ್ದು ಸ್ವಲ್ಪ ಹೇಳುತ್ತೇನೆ. ಈ ಲಸಿಕೆಯ ಮೂಲ ಕೆಲಸದಲ್ಲಿ ಒಂದು ಭಾಗ ನಡೆದದ್ದೇ ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ, ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ ಅವರಿಂದ. 2007ರಿಂದ ಹುಡುಗಿಯರಿಗೆ, 2013ರಿಂದ ಹುಡುಗರಿಗೂ ಶಾಲೆಯಲ್ಲೇ ಉಚಿತ. ನನ್ನ ಮಗನಿಗೂ ಹಾಕಿದ್ದಾರೆ. ಮೊದಲು ಚೀಟಿ ಮನೆಗೆ ಬರುತ್ತದೆ, ನಾವು ಓದಿ ಸಹಿ ಮಾಡಬೇಕು, ಮಾಡದಿದ್ದರೆ ಹಾಕುವುದಿಲ್ಲ. ಈ ತಿಂಗಳು 6ರಿಂದ ಇಲ್ಲೂ ಒಂದೇ ಡೋಸ್ ಮಾಡಿದ್ದಾರೆ.

ಹುಡುಗರಿಗೆ ಯಾಕೆ ಅಂದರೆ, ಇದೇ ವೈರಸ್ ಗಂಡಸರಲ್ಲಿ ಗಂಟಲಿನ, ಶಿಶ್ನದ, ಗುದದ ಕ್ಯಾನ್ಸರ್ ತರಬಲ್ಲದು. ಅವರಿಗೆ ಹತ್ತದಿದ್ದರೆ ಮುಂದೆ ಹೆಂಡತಿಗೂ ಹತ್ತುವುದಿಲ್ಲ.

ಇನ್ನೊಂದು. ಲಸಿಕೆ ಕೊಟ್ಟಾಯಿತು ಅಂತ ಇಲ್ಲಿ ಹೆಂಗಸರ ಪರೀಕ್ಷೆ ಬಿಟ್ಟಿಲ್ಲ. 25ರಿಂದ 74ರವರೆಗೆ ಐದು ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ ಇದೆ. ಕಳೆದ ಜುಲೈಯಿಂದ ಬೇಕಾದವರು ತಮ್ಮ ಸ್ಯಾಂಪಲ್ ತಾವೇ ತೆಗೆದುಕೊಡಬಹುದು. ನನ್ನ ಹೆಂಡತಿ ಹಾಗೇ ಮಾಡಿದಳು.

ಹಾವೇರಿ ಹುಡುಗಿ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಪರೀಕ್ಷೆ ಅಂತ ಬಂದದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಮ್ಮನಿಗೆ ಮುಟ್ಟು ನಿಂತು ಒಂದು ವರ್ಷ ಆಗಿತ್ತು. ಮತ್ತೆ ಕೆಂಪು ಕಾಣಿಸಿಕೊಂಡಿತು. ನಿಲ್ಲುವ ಕಾಲಕ್ಕೆ ಹೀಗೆಲ್ಲ ಆಗುತ್ತದೆ ಅಂತ ಓಣಿಯ ಹೆಂಗಸರು ಹೇಳಿದರು. ವಾಸನೆ ಬರಲು ಶುರುವಾದ ಮೇಲೆ ಅವಳು ಬೇರೆಯವರ ಪಕ್ಕ ಕೂರುವುದನ್ನೇ ಬಿಟ್ಟಳು. ಬೆಳಗಾಗುವ ಮೊದಲು ಎದ್ದು ಹಿತ್ತಲಲ್ಲಿ ಬಟ್ಟೆ ಒಗೆದು, ಸೀರೆಯ ಕೆಳಗೆ ಮುಚ್ಚಿ ಒಣಹಾಕುತ್ತಿದ್ದಳು. ಅದನ್ನು ನೋಡಿ ಕೇಳಿದ್ದು ನನ್ನ ಅಮ್ಮ. ಊರ ಹತ್ತಿರದ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಎಷ್ಟೋ ತಿಂಗಳು ರಕ್ತ ನಿಲ್ಲುವ ಮಾತ್ರೆ ಕೊಟ್ಟರು. ಒಂದು ಸಲವೂ ಒಳಗೆ ಪರೀಕ್ಷೆ ಮಾಡಲಿಲ್ಲ. ಚಿಕ್ಕಮ್ಮನೂ ನಾಚಿಕೆಗೆ ಬೇಡ ಅಂದಿರಬಹುದು, ಗೊತ್ತಿಲ್ಲ. ಬೆಂಗಳೂರಿಗೆ ಕರೆದೊಯ್ದಾಗ ಮೂರನೇ ಹಂತ ಎಂದರು. ಹೊರಗಿನಿಂದ ರೇಡಿಯೇಷನ್, ಆಮೇಲೆ ಒಳಗಿನಿಂದ ಕೊಡುವ ರೇಡಿಯೇಷನ್. ಅದನ್ನೆಲ್ಲ ಹಲ್ಲು ಕಚ್ಚಿ ಸಹಿಸಿದಳು. ಮಗನ ಮದುವೆ ಮಾಡಿದಳು, ಮೊಮ್ಮಗುವಿನ ಮುಖ ನೋಡಲಿಲ್ಲ.

ದಾವಣಗೆರೆ ಅಕ್ಕ, ಮಗಳಿಗೆ ಲಸಿಕೆ ಹಾಕಿಸಿ, ಖಂಡಿತ ಹಾಕಿಸಿ. ಆದರೆ ಈ ಚರ್ಚೆಯಲ್ಲಿ ಎಲ್ಲರೂ ಮಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ಆ ಲಸಿಕೆಯ ಫಲ ಸಿಗುವುದು ಇಪ್ಪತ್ತು ಮೂವತ್ತು ವರ್ಷ ಆದಮೇಲೆ. ಈಗ ಮೂವತ್ತು ನಲವತ್ತು ದಾಟಿರುವ ನಮ್ಮ ಅಕ್ಕಂದಿರು, ಅತ್ತಿಗೆಯರು, ಅಮ್ಮಂದಿರ ಗತಿ ಏನು? ಅವರಿಗೆ ಉಳಿದಿರುವುದು ಪರೀಕ್ಷೆ ಒಂದೇ. ನೀವು ಮಾಡಿಸಿಕೊಂಡಿದ್ದೀರಾ?

ದಾವಣಗೆರೆ ಅಮ್ಮ

ಇಲ್ಲ ಕಣ್ರೀ. ನನಗೆ 38. ಎರಡು ಹೆರಿಗೆ ಆಗಿದೆ, ಯಾರೂ ಮಾಡಿಸು ಅಂತ ಹೇಳಿಲ್ಲ, ನಾನೂ ಕೇಳಿಲ್ಲ. ಅದು ಹೇಗಿರುತ್ತದೆ? ನೋವಾಗುತ್ತದಾ?

ಲಸಿಕೆ ಸಿಸ್ಟರ್

ಹಾವೇರಿ ತಂಗಿ ಹೇಳಿದ್ದು ನೂರಕ್ಕೆ ನೂರು ಸರಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ 30ರಿಂದ 49ರ ಹೆಂಗಸರಲ್ಲಿ ಈ ಪರೀಕ್ಷೆ ಒಮ್ಮೆಯಾದರೂ ಮಾಡಿಸಿಕೊಂಡವರು ಇಡೀ ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಹಾಗಾಗಿಯೇ ಮೂರನೇ ಹಂತದಲ್ಲಿ ಬರುತ್ತಾರೆ.

ನಮ್ಮಲ್ಲಿ ಮಾಡುವ ಪರೀಕ್ಷೆಯ ಹೆಸರು ವಿಐಎ. ಮೇಜಿನ ಮೇಲೆ ಮಲಗಿಸಿ, ಒಳಗೆ ನೋಡಲು ಒಂದು ಉಪಕರಣ ಇಟ್ಟು, ಗರ್ಭಕೋಶದ ಬಾಯಿಗೆ ಹತ್ತಿಯಲ್ಲಿ ತೆಳುವಾದ ಅಸಿಟಿಕ್ ಆಮ್ಲ ಹಚ್ಚುತ್ತೇವೆ. ಅಡುಗೆಗೆ ಬಳಸುವ ವಿನೆಗರ್‌ನಲ್ಲಿ ಇರುವುದು ಅದೇ. ಒಂದು ನಿಮಿಷ ಕಾದು ಟಾರ್ಚ್ ಬಿಟ್ಟು ನೋಡುತ್ತೇವೆ. ಜೀವಕೋಶ ಕೆಟ್ಟಿರುವ ಕಡೆ ಬೆಳ್ಳಗೆ ಮಚ್ಚೆ ಏಳುತ್ತದೆ. ಅಷ್ಟೇ. ಸ್ವಲ್ಪ ಚುರುಚುರು ಅನ್ನಬಹುದು, ನೋವಿಲ್ಲ. ಮಾಡುವವರು ಹೆಂಗಸರೇ, ಪರದೆ ಇರುತ್ತದೆ. ಉತ್ತರ ಅಲ್ಲೇ ಸಿಗುತ್ತದೆ, ಇನ್ನೊಂದು ದಿನ ಬಸ್ಸು ಹತ್ತಿ ಬರಬೇಕಿಲ್ಲ. ಮುಂಬೈಯ ಟಾಟಾ ಆಸ್ಪತ್ರೆಯವರು ಕೊಳೆಗೇರಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿಸಿ ನೋಡಿದಾಗ ಈ ಕ್ಯಾನ್ಸರ್‌ನ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು. ಪರೀಕ್ಷೆ ಮಾಡಿದವರು ಡಾಕ್ಟರಲ್ಲ, ತರಬೇತಿ ಕೊಟ್ಟ ಸಾಧಾರಣ ಆರೋಗ್ಯ ಕಾರ್ಯಕರ್ತೆಯರು. ನನಗೆ ಆ ಸುದ್ದಿ ಓದಿದಾಗ ತುಂಬಾ ಹೆಮ್ಮೆ ಆಗಿತ್ತು.

ಬಿಳಿ ಮಚ್ಚೆ ಕಂಡರೆ ಕ್ಯಾನ್ಸರ್ ಅಂತ ಅರ್ಥವಲ್ಲ. ಜಿಲ್ಲಾಸ್ಪತ್ರೆಯಲ್ಲಿ ದೊಡ್ಡದು ಮಾಡಿ ನೋಡುವ ಕಾಲ್ಪೋಸ್ಕೋಪಿ ಮಾಡುತ್ತಾರೆ, ಬೇಕಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕ್ಯಾನ್ಸರ್ ಆಗುವ ಮೊದಲಿನ ಹಂತವಾದರೆ ಆ ಜಾಗವನ್ನು ಮಾತ್ರ ಸುಟ್ಟೋ ಹೆಪ್ಪುಗಟ್ಟಿಸಿಯೋ ತೆಗೆಯುತ್ತಾರೆ, ಅದೇ ದಿನ ಮನೆಗೆ. ಗರ್ಭಕೋಶ ಹಾಗೇ ಉಳಿಯುತ್ತದೆ.

ಕಲಬುರಗಿ ಆಶಾ

ಸಿಸ್ಟರ್ ಕಡೆಗೆ ಹೇಳಿದ ಆ ಮಾತು ದಪ್ಪ ಅಕ್ಷರದಲ್ಲಿ ಬರೀಬೇಕು ರೀ. ನಮ್ಮ ಜಿಲ್ಲೆಯಲ್ಲಿ ಕೆಲವು ವರ್ಷದ ಹಿಂದೆ ಏನಾಯಿತು ಅಂತ ಪೇಪರ್ ಓದಿದವರಿಗೆ ನೆನಪಿರಬೇಕು. ಹೊಟ್ಟೆನೋವು, ಬಿಳಿಸೆರಗು ಅಂತ ಹೋದ ತಾಂಡಾದ ಹೆಣ್ಣುಮಕ್ಕಳಿಗೆ, ದಲಿತ ಹೆಣ್ಣುಮಕ್ಕಳಿಗೆ "ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ" ಅಂತ ಹೆದರಿಸಿ ಕೆಲವು ಖಾಸಗಿ ಆಸ್ಪತ್ರೆಯವರು ಗರ್ಭಕೋಶ ತೆಗೆದರು. ಎರಡು ಸಾವಿರಕ್ಕೂ ಹೆಚ್ಚು ಮಂದಿ, ಅದರಲ್ಲಿ ಎಷ್ಟೋ ಜನಕ್ಕೆ ನಲವತ್ತೂ ಆಗಿರಲಿಲ್ಲ. ಸರ್ಕಾರ ತನಿಖೆ ಮಾಡಿಸಿತು. ತೊಗರಿ ಹೊಲದಲ್ಲಿ ಬಗ್ಗಿ ಕೆಲಸ ಮಾಡಲಾಗದೆ, ಸಾಲ ತೀರಿಸಲಾಗದೆ ಇವತ್ತಿಗೂ ಒದ್ದಾಡುವವರು ಇದ್ದಾರೆ.

ಅದಾದ ಮೇಲೆ ನಮ್ಮ ಕಡೆ ಹೆಣ್ಣುಮಕ್ಕಳು ಕ್ಯಾನ್ಸರ್ ಪರೀಕ್ಷೆ ಅಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಅವರದು ಏನು ತಪ್ಪು ಹೇಳಿ? ನಾನು ಮನೆಗೆ ಹೋದಾಗ ಮೊದಲು ಹೇಳುವುದೇ ಇದು: ಪರೀಕ್ಷೆಯಲ್ಲಿ ಏನೂ ಕೊಯ್ಯುವುದಿಲ್ಲ, ಏನೂ ತೆಗೆಯುವುದಿಲ್ಲ. ಬಿಳಿಸೆರಗು ಹೋದ ಮಾತ್ರಕ್ಕೆ ಗರ್ಭಕೋಶ ತೆಗೆಸಬೇಕಿಲ್ಲ. ಯಾರಾದರೂ ತೆಗೆಸು ಅಂದರೆ, ಚೀಟಿ ಹಿಡಿದು ಇನ್ನೊಬ್ಬ ಡಾಕ್ಟರ ಹತ್ತಿರ ತೋರಿಸು. ಇಷ್ಟು ಹೇಳಿದ ಮೇಲೆಯೇ ಒಬ್ಬೊಬ್ಬರಾಗಿ ಬರುತ್ತಾರೆ. ಒಬ್ಬಳು ಬಂದು ಹೋದರೆ ಅವಳೇ ಇನ್ನಿಬ್ಬರನ್ನು ಕರೆತರುತ್ತಾಳೆ.

ಹಾವೇರಿ ಹುಡುಗಿ

ಆಶಾ ಅಕ್ಕ, ನಿಮ್ಮಂಥವರು ನಮ್ಮ ಓಣಿಗೆ ಅವತ್ತು ಬಂದಿದ್ದರೆ ಅನ್ನಿಸಿತು.

ಮೆಡಿಕಲ್ ಸ್ಟೋರ್ ಅಣ್ಣ

ನಮ್ಮ ಅಂಗಡಿಗೂ ದಿನಾ ಬರುತ್ತಾರೆ, ಬಿಳಿಸೆರಗಿಗೆ ಮಾತ್ರೆ ಕೊಡಿ, ರಕ್ತ ನಿಲ್ಲಿಸಲು ಕೊಡಿ ಅಂತ. ಗಂಡಂದಿರನ್ನು ಕಳಿಸುತ್ತಾರೆ, ಅವರಿಗೆ ಏನಾಗಿದೆ ಅಂತಲೂ ಸರಿಯಾಗಿ ಗೊತ್ತಿರುವುದಿಲ್ಲ. ಇನ್ನು ಮೇಲೆ ಮಾತ್ರೆ ಕೊಡುವ ಮೊದಲು ಪರೀಕ್ಷೆ ಮಾಡಿಸಿ ಅಂತ ಹೇಳುತ್ತೇನೆ.

ದಾವಣಗೆರೆ ಅಮ್ಮ

ರಾತ್ರಿ ಊಟ ಆದಮೇಲೆ ಇಡೀ ಚರ್ಚೆಯನ್ನು ಎಲ್ಲರಿಗೂ ಓದಿದೆ. ಖಮ್ಮಂ ವಿಷಯ ಬಂದಾಗ ಯಜಮಾನರು "ನೋಡಿದೆಯಾ" ಅಂದರು. ಮೇಡಂ ಬರೆದದ್ದು ಪೂರ್ತಿ ಕೇಳಿದ ಮೇಲೆ "ಮಗಳ ಶಾಲೆಯ ಪರೀಕ್ಷೆ ಮುಗಿದ ಮೇಲೆ ಹಾಕಿಸೋಣ" ಎಂದಿದ್ದಾರೆ. ಹಾಗಾಗಿ ಏಪ್ರಿಲ್‌ನಲ್ಲಿ ಮೊದಲ ಡೋಸ್. ಇನ್ನೂ ಒಂದೆರಡು ಪ್ರಶ್ನೆ ಉಳಿದಿವೆ. ಒಂದೇ ಡೋಸ್ ಸಾಕು ಅಂತ ಬಂದಿರುವಾಗ ಎರಡು ಹಾಕಿಸಬೇಕಾ? ಸರ್ಕಾರದ್ದು ಬರುವವರೆಗೆ ಕಾದರೆ ಏನಾಗುತ್ತದೆ? ಮಗನಿಗೆ? ಮತ್ತೆ ಅತ್ತೆಯವರಿಗೆ 61, ಮುಟ್ಟು ನಿಂತು ಎಷ್ಟೋ ವರ್ಷ ಆಯಿತು. ಓದಿದ್ದು ಕೇಳಿ ಅವರೇ "ನನಗೂ ಬೇಕಾ ಕೇಳು" ಅಂದರು.

ಲಸಿಕೆ ಸಿಸ್ಟರ್

ಅತ್ತೆಯವರೇ ಕೇಳಿದ್ದು ಬಹಳ ಖುಷಿ ಆಯಿತು. ಒಂದೊಂದಾಗಿ ಹೇಳುತ್ತೇನೆ.

ಸರ್ವಾವ್ಯಾಕ್‌ಗೆ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿರುವುದು ಈ ವಯಸ್ಸಿಗೆ ಎರಡು ಡೋಸ್ ಲೆಕ್ಕದಲ್ಲಿ. ಒಂದೇ ಡೋಸ್‌ನ ಅಧ್ಯಯನ ನಡೆದದ್ದು ಬೇರೆ ಕಂಪನಿಯ ಲಸಿಕೆಯಲ್ಲಿ. ಹಾಗಾಗಿ ಎರಡೂ ಹಾಕಿಸಿ. ಏಪ್ರಿಲ್‌ನಲ್ಲಿ ಮೊದಲನೆಯದು ಆದರೆ ಅಕ್ಟೋಬರ್‌ನಲ್ಲಿ, ದಸರಾ ರಜೆಯಲ್ಲಿ, ಎರಡನೆಯದು. ಒಂದೆರಡು ತಿಂಗಳು ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಕಾರ್ಡಿನಲ್ಲಿ ಲಸಿಕೆಯ ಹೆಸರು, ಬ್ಯಾಚ್ ನಂಬರ್, ತಾರೀಕು ಬರೆಸಿಕೊಳ್ಳಿ. ಯೀಸ್ಟ್‌ನಿಂದ ಜೋರು ಅಲರ್ಜಿ ಆದದ್ದಿದ್ದರೆ, ಅವತ್ತು ಜ್ವರ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಕಾಯುವ ಬಗ್ಗೆ: ರಾಷ್ಟ್ರೀಯ ತಾಂತ್ರಿಕ ಸಲಹಾ ಸಮಿತಿ ಕಳೆದ ವರ್ಷ ಜೂನ್‌ನಲ್ಲೇ ಇದನ್ನು ಉಚಿತ ಲಸಿಕೆಗಳ ಪಟ್ಟಿಗೆ ಸೇರಿಸಿ ಎಂದಿದೆ. ನಾಲ್ಕು ಸಾವಿರ ಹೊಂದಿಸಲು ಆದರೆ ಕಾಯಬೇಡಿ. ಆಗದ ಮನೆಯವರು ಬೇಸರ ಮಾಡಿಕೊಳ್ಳಬೇಡಿ, ಒಂಬತ್ತು ಹತ್ತರ ಮಕ್ಕಳಿಗೆ ಇನ್ನೂ ಸಮಯ ಇದೆ. ಆಶಾ ಹತ್ತಿರ ಮಗಳ ಹೆಸರು ಹೇಳಿ ಇಡಿ, ಶಾಲೆಗೆ ಬಂದಾಗ ತಪ್ಪಿಸಬೇಡಿ. ಮಗನಿಗೂ ಒಂಬತ್ತರಿಂದ ಹಾಕಿಸಬಹುದು, ಅನುಮತಿ ಇದೆ. ದುಡ್ಡು ಒಬ್ಬರಿಗೆ ಮಾತ್ರ ಇದ್ದರೆ ಮೊದಲು ಮಗಳಿಗೆ.

ನಿಮಗೆ 38, ನಿಮಗೆ ವಿಐಎ ಸರಿ. ಮುಟ್ಟು ಮುಗಿದ ಮೇಲಿನ ವಾರ ಹೋಗಿ. ಎಲ್ಲ ಆರೋಗ್ಯ ಕೇಂದ್ರದಲ್ಲೂ ದಿನಾ ಇರುವುದಿಲ್ಲ, ಯಾವ ದಿನ ಅಂತ ಮೊದಲ ಡೋಸ್ ಹಾಕಿಸಲು ಹೋಗುವ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ. ಲಸಿಕೆ ಹಾಕಿಸಿಕೊಂಡ ಹುಡುಗಿಯರೂ ಮೂವತ್ತರ ಮೇಲೆ ಪರೀಕ್ಷೆ ಮಾಡಿಸಲೇಬೇಕು, ಏಕೆಂದರೆ 16, 18 ಬಿಟ್ಟು ಬೇರೆ ಬಗೆಗಳೂ ಕ್ಯಾನ್ಸರ್ ತರುತ್ತವೆ.

ಅತ್ತೆಯವರಿಗೂ ಬೇಕು. 65ರವರೆಗೆ ಪರೀಕ್ಷೆ ಮಾಡಿಸಬೇಕು. ಆದರೆ ಮುಟ್ಟು ನಿಂತ ಮೇಲೆ ನೋಡಬೇಕಾದ ಜಾಗ ಒಳಗೆ ಸರಿದಿರುತ್ತದೆ, ಬಿಳಿ ಮಚ್ಚೆ ಸರಿಯಾಗಿ ಕಾಣುವುದಿಲ್ಲ. ಅವರನ್ನು ಜಿಲ್ಲಾಸ್ಪತ್ರೆಗೋ ಮೆಡಿಕಲ್ ಕಾಲೇಜಿಗೋ ಕರೆದುಕೊಂಡು ಹೋಗಿ ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಯಿಂದ ಜೀವಕೋಶ ಸವರಿ ತೆಗೆದು ನೋಡುವುದು) ಅಥವಾ ಎಚ್‌ಪಿವಿ ಪರೀಕ್ಷೆ ಕೇಳಿ. ನಡುವೆ ಯಾವಾಗಲಾದರೂ ಒಂದು ಹನಿ ರಕ್ತ ಕಂಡರೂ, ವಾಸನೆಯ ನೀರು ಹೋದರೂ, ಹೇಳದೆ ಇಟ್ಟುಕೊಳ್ಳಬೇಡಿ ಅಂತ ಅವರಿಗೆ ಓದಿ ಹೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗೆ ಇಟ್ಟುಕೊಂಡು ಹೋಗಿ.